ನನ್ನ ಮಾತಿನ ಕಿಮ್ಮತ್ತು

ನಿಂಗಪ್ಪ ತಾನಾಗಿ ಹಗೇವಿಗೆ ಇಳಿಯಲಿಲ್ಲ. ನಾನು ಇಳಿಸಿದೆ.

ನಮ್ಮೂರು ಮೊರಬದಲ್ಲಿ ಇಷ್ಟು ವರ್ಷ ಎಲ್ಲರೂ ತಿಳಿದಿರುವುದು ಬೇರೆ. ನಿಂಗಪ್ಪ ಗಡಿಬಿಡಿ ಮಾಡಿದ, ದೀಪ ಬಿಟ್ಟು ನೋಡದೆ ಇಳಿದ, ನಾನು ಜೀವದ ಆಸೆ ಬಿಟ್ಟು ಅವನನ್ನು ಮೇಲೆ ತಂದೆ — ಇದು ಊರಿನ ಕಥೆ. ಇದರ ಕೊನೆಯ ಭಾಗ ಸುಳ್ಳಲ್ಲ. ಅದು ಸುಳ್ಳಲ್ಲವಾದ್ದರಿಂದಲೇ ಮೊದಲ ಭಾಗವನ್ನು ಯಾರೂ ಕೆದಕಲಿಲ್ಲ. ನಾನಂತೂ ಕೆದಕಗೊಡಲಿಲ್ಲ.

ನಾನು ಸೇವೆಯುದ್ದಕ್ಕೂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು. ‘ಇನ್‌ಫ್ಲುಯೆನ್ಸ್’ ಎಂಬ ಶಬ್ದ ಪ್ರತಿ ವರ್ಷ ಒಂದಲ್ಲ ಒಂದು ಪಾಠದಲ್ಲಿ ಎದುರಾಗುತ್ತಿತ್ತು. ಹಲಗೆಯ ಮೇಲೆ ‘ಪ್ರಭಾವ’ ಎಂದು ಬರೆಯುತ್ತಿದ್ದೆ. ಪರಿಣಾಮ ಬೇರೆ, ಒತ್ತಾಯ ಬೇರೆ, ಮನವೊಲಿಸುವುದು ಬೇರೆ ಎಂದು ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದೆ. ವಾಕ್ಯ ಮಾಡಿ ಎಂದರೆ ಹಿಂದಿನ ಸಾಲಿನಿಂದ ಯಾರಾದರೂ ಏಳುವರು — “ಸರ್, ನಮ್ಮ ಕಾಕಾಂದು ಪಂಚಾಯ್ತ್ಯಾಗ ಭಾಳ ಇನ್‌ಫ್ಲುಯೆನ್ಸ್ ಐತ್ರಿ!” ಪಕ್ಕದವನು ಬಿಡುವನೇ? “ಅದಕ್ಕ ವಶೀಲಿ ಅಂತಾರಲೇ, ಇಂಗ್ಲಿಷ್ ಯಾಕ್ ಬೇಕು?” ತರಗತಿಯೆಲ್ಲ ನಗುವುದು. ನಾನೂ ನಗುತ್ತಿದ್ದೆ. ಆಮೇಲೆ ನನ್ನದೊಂದು ಉದಾಹರಣೆ ಕೊಡುತ್ತಿದ್ದೆ: ಚಂದ್ರನು ಸಮುದ್ರದ ಮೇಲೆ ಪ್ರಭಾವ ಬೀರುತ್ತಾನೆ. ಎರೆಹೊಲ ಬಿಟ್ಟು ಬೇರೇನೂ ಕಾಣದ ಮಕ್ಕಳಿಗೆ ಚಂದ್ರ, ಸಮುದ್ರ! ಹತ್ತಿರದ ಉದಾಹರಣೆ ನನ್ನ ಬಾಯಿಯವರೆಗೂ ಬಂದು, ಅಲ್ಲೇ —

ಇರಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕ. ಧಾರವಾಡದಲ್ಲಿ ಬಿ.ಎ., ಬಿ.ಎಡ್. ಎರಡೂ ಮುಗಿಸಿ ಊರಿಗೆ ಬಂದು ಕುಳಿತಿದ್ದೆ. ನೌಕರಿ ಇರಲಿಲ್ಲ. ಆದರೆ ಊರಲ್ಲಿ ನನ್ನ ಮಾತಿಗೆ ಒಂದು ತೂಕ ಬಂದುಬಿಟ್ಟಿತ್ತು. ಬ್ಯಾಂಕಿನ ಕಾಗದ ಓದಬೇಕೆಂದರೆ ನಾನು, ಸೊಸೈಟಿಗೆ ಅರ್ಜಿ ಬರೆಯಬೇಕೆಂದರೆ ನಾನು. ನನಗಿಂತ ಹಿರಿಯರು ಕಟ್ಟೆಯ ಮೇಲೆ ಸರಿದು ಜಾಗ ಕೊಡುತ್ತಿದ್ದರು. ಅದು ನನ್ನ ಡಿಗ್ರಿಗೆ ಸಂದ ಗೌರವ. ನಾನು ಅದನ್ನು ನನ್ನದೇ ಗುಣ ಎಂದುಕೊಂಡೆ.

ನಿಂಗಪ್ಪ ನಮ್ಮ ಬಾಜೂ ಮನೆಯವನು. ಏಳನೆಯ ಇಯತ್ತೆಯವರೆಗೆ ಒಂದೇ ಚಾಪೆಯ ಮೇಲೆ ಕುಳಿತವರು ನಾವು. ಆಮೇಲೆ ಅವನು ತನ್ನ ಹೊಲಕ್ಕೆ ಹೋದ, ನಾನು ಧಾರವಾಡಕ್ಕೆ. ಅವನು ಯಾವುದರಲ್ಲೂ ಅವಸರ ಮಾಡದ ಮನುಷ್ಯ. ಅವನ ಹೆಂಡತಿ ಗಂಗವ್ವ ಎಲ್ಲರೆದುರೇ ಚಾಷ್ಟಿ ಮಾಡುತ್ತಿದ್ದಳು — “ನಮ್ಮನಿಯವರು ರೊಟ್ಟಿ ಮುರಿಯೂದ್ರಾಗ ಎಮ್ಮಿ ಈದು, ಕರಾ ಮೇಯಾಕ ಹೊಂಟಿರತೈತಿ ನೋಡ್ರಿ.” ಅವನು ನಗುತ್ತ ಇನ್ನೂ ಸಾವಕಾಶವಾಗಿ ಉಣ್ಣುತ್ತಿದ್ದ. ಈ ಸಾವಕಾಶಕ್ಕೇ ಊರು ಅವನನ್ನು ನಂಬಿತ್ತು. ಯಾರ ಮನೆಯ ಹಗೇವು ತೆಗೆಯುವುದಿದ್ದರೂ, “ನಿಂಗಪ್ಪನ್ನ ಕರೀರಿ, ಅಂವ ಹೂಂ ಅಂದ ಮ್ಯಾಲೆ ಇಳಿಯೂಣು” ಎನ್ನುವುದು ರೂಢಿಯಾಗಿತ್ತು.

ಈಗಿನವರಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ಅದು ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಒಳಗಿನ ಹೊಟ್ಟೆ ಒಂದು ಕೋಣೆಯಷ್ಟು. ಸುತ್ತಲೂ ದಂಟು, ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಹಾಕಿ ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ಕೆಟ್ಟಿರುತ್ತದೆ. ಝಳ ಎನ್ನುತ್ತಿದ್ದೆವು ಅದಕ್ಕೆ. ಅದು ಬಡಿಯಿತೆಂದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ, ಕೂಗಲಿಕ್ಕೂ ಆಗುವುದಿಲ್ಲ. ಆದ್ದರಿಂದ ಹಿಂದಿನ ದಿನವೇ ಬಾಯಿ ತೆರೆದು, ದನಕರು ಬೀಳದಂತೆ ಮುಳ್ಳು ಮುಚ್ಚಿ, ಮರುದಿನ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಡುವುದು ರೂಢಿ. ದೀಪ ಆರಿದರೆ ಅಂದು ಯಾರೂ ಇಳಿಯುವಂತಿಲ್ಲ. ಇದು ಊರಿನ ಕೂಸುಗಳಿಗೂ ಗೊತ್ತಿದ್ದ ಮಾತು. ನನಗೂ ಗೊತ್ತಿತ್ತು. ಕಾಲೇಜು ಓದಿದವನು, ಹಳ್ಳಿಯ ರೀತಿ ಅರಿಯದೆ ತಪ್ಪು ಮಾಡಿದ ಎಂದು ಯಾರೂ ನನಗೆ ರಿಯಾಯಿತಿ ಕೊಡುವುದು ಬೇಡ. ಎಲ್ಲ ಗೊತ್ತಿದ್ದೇ ಮಾಡಿದೆ.

ಅಂದು ನಮ್ಮ ಮನೆಗೆ ಒಂದು ಶಿಕ್ಷಣ ಸಂಸ್ಥೆಯ ಚೇರ್ಮನ್ನರು ಊಟಕ್ಕೆ ಬಂದಿದ್ದರು. ಅವರ ಹೆಸರು ಬೇಡ, ಅವರದೇನೂ ತಪ್ಪಿಲ್ಲ. ಊರಲ್ಲಿ ಯಾರದೋ ಕೂಸಿನ ತೊಟ್ಟಿಲ ಕಾರ್ಯಕ್ಕೆ ಬಂದವರನ್ನು ಅಪ್ಪ ಹಿಡಿದು ಕರೆತಂದಿದ್ದ. ಅವರ ಹೈಸ್ಕೂಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಅವರ ಒಂದು ಮಾತಾದರೆ ಸಾಕು ಎಂದು ಅಪ್ಪ ತಿಂಗಳುಗಟ್ಟಲೆ ಹೇಳುತ್ತಲೇ ಇದ್ದ. ಊಟಕ್ಕೆ ಕುಳಿತ ಸಾಹೇಬರು ರೊಟ್ಟಿ ಮುರಿಯುತ್ತ, ಸಹಜವಾಗಿಯೇ, “ಹಗೇದ ಜೋಳದ ರೊಟ್ಟಿ ಉಂಡು ಯಾವ ಕಾಲ ಆತ್ರಿ. ಆ ವಾಸನಿ ನಮ್ಮ ಮನ್ಯಾಗ ಯಾರಿಗೂ ಸೇರೂದಿಲ್ಲ, ನನಗ ಅದ ಬೇಕು” ಎಂದರು.

ಅಪ್ಪ ಕೂಡಲೇ, “ಅದಕ್ಕೇನ್ರಿ ಸಾಹೇಬ್ರ, ನೀವು ಹೋಗೂದ್ರಾಗ ಒಂದ ಚೀಲ ಮೋಟರಿನ್ಯಾಗ ಇರತೈತ್ರಿ” ಎಂದು ಹೇಳಿ ನನ್ನ ಕಡೆ ನೋಡಿದ.

ನಾನು ಹಿತ್ತಲಿಗೆ ಓಡಿದೆ. ಗೋಡೆಯಾಚೆ ನಿಂಗಪ್ಪ ಎತ್ತಿಗೆ ನೀರು ಕುಡಿಸುತ್ತಿದ್ದ. ಕರೆದೆ, ಬಂದ. ಇಬ್ಬರೂ ಸೇರಿ ಮಣ್ಣು ಕೆದರಿ ಕಲ್ಲು ಸರಿಸಿದೆವು. ಒಳಗಿನಿಂದ ಬಿಸಿಯಾದ, ಹುಳಿತ ವಾಸನೆ ಎದ್ದು ಮುಖಕ್ಕೆ ಬಡಿಯಿತು. ನಿಂಗಪ್ಪ ಹಿಂದೆ ಸರಿದು ನಿಂತ.

“ಆತು, ಬಾಯಿ ತಗದೇವಿ. ನಾಳಿಗೆ ಇಳಿಯೂಣು.”

“ನಾಳಿಗೆ ಸಾಹೇಬ್ರು ಇಲ್ಲಿರತಾರೇನೋ? ಊಟ ಆದ ಕೂಡಲೆ ಹೊಂಡತಾರ.”

“ಹೋಗ್ಲಿ ಬಿಡು. ನಾಳಿಗೆ ಚೀಲಾ ತುಂಬಿ ನಾನ ಬಸ್ಸಿನ ಮ್ಯಾಲೆ ಹಾಕ್ಕೊಂಡು ಒಯ್ತೇನಿ. ಅವರ ಮನೀ ಬಾಗಲದಾಗ ಇಳಿಸಿ ಬಂದರ ಆತಿಲ್ಲೋ?”

ಅವನು ಹೇಳಿದ್ದು ಸರಿಯಾದ ದಾರಿ. ಒಪ್ಪಬಹುದಿತ್ತು. ಒಪ್ಪಿದ್ದರೆ ಅವತ್ತು ಅಲ್ಲಿ ಏನೂ ಆಗುತ್ತಿರಲಿಲ್ಲ. ಆದರೆ ಚೀಲ ಅವರ ಕಣ್ಣೆದುರೇ ಗಾಡಿಗೆ ಏರಬೇಕು, ನಾನು ಪಕ್ಕದಲ್ಲಿ ನಿಂತಿರಬೇಕು, ಅವರು ನನ್ನನ್ನು ನೋಡಬೇಕು — ಇಷ್ಟೇ ನನ್ನ ತಲೆಯಲ್ಲಿದ್ದದ್ದು. ನಿಂಗಪ್ಪ ದನದ ಕೊಟ್ಟಿಗೆಗೆ ಹೋಗಿ ಕಂದೀಲು ತಂದ. “ತಡಿ, ದೀಪರ ಬಿಟ್ಟ ನೋಡೂಣು” ಎಂದು ಕಡ್ಡಿ ಗೀರಲು ಕುಳಿತ. ಒಳಗಿನಿಂದ ಅಪ್ಪ ಕೈತೊಳೆಯಲು ನೀರು ಕೊಡುವ ಸದ್ದು ಕೇಳಿಸಿತು. ಆಗ ನಾನು ಆ ಮಾತು ಆಡಿದೆ.

“ಅಲ್ಲೋ ನಿಂಗಪ್ಪ, ಊರ ಮಂದೆಲ್ಲಾ ನನ್ನ ಮಾತು ಕೇಳತಾರ. ನಿನ್ನ ಹಂತೇಕ ನನ್ನ ಮಾತಿಗೆ ಇಷ್ಟೂ ಕಿಮ್ಮತ್ತಿಲ್ಲೇನೋ?”

ಅವನು ತಲೆ ಎತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾಚಿಕೆ ಇತ್ತು — ತಾನೇ ಏನೋ ತಪ್ಪು ಮಾಡಿದವನಂತೆ. ಕಂದೀಲನ್ನು ಪಕ್ಕಕ್ಕಿಟ್ಟ.

“ಹಂಗಲ್ಲೋ ಮಾರಾಯಾ… ನಿನ್ನ ಮಾತು ಮೀರತೇನೇನು ನಾ?”

ಸೊಂಟಕ್ಕೆ ಹಗ್ಗ ಕೂಡ ಕಟ್ಟಿಕೊಳ್ಳದೆ ಇಳಿದ.

ಒತ್ತಾಯ ಮಾಡಲಿಲ್ಲ ಎಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ದೂಡಲಿಲ್ಲ, ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ನಿಘಂಟು ತೆಗೆದು ಒಂದೊಂದೇ ಶಬ್ದ ನನಗೆ ಹೊಂದಿಸಿ ನೋಡಿದ್ದೇನೆ — ಒತ್ತಡ? ಅಲ್ಲ. ವಶೀಲಿ? ಅಲ್ಲ, ಅದು ನಾನು ಸಾಹೇಬರಿಂದ ಬಯಸಿದ್ದು. ಪ್ರಭಾವ? ಅದು ದೊಡ್ಡವರ ಭಾಷಣದ ಶಬ್ದ. ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತ ನಾನು ನಿರಪರಾಧಿಯಾಗುತ್ತ ಹೋದೆ. ಆದರೆ ಈ ಶಬ್ದಗಳೆಲ್ಲ ಹೇಳುವವನ ಕಡೆಯವು. ಕೇಳಬೇಕಾದವನ ಎದೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆ ಒಂದು ಮಾತಿದೆ — ಭಿಡೆ. ಗೆಳೆಯನ ಮುಖ ನೋಡಿ ‘ಒಲ್ಲೆ’ ಎನ್ನಲಾರದೆ ಹೋಗುವುದು. ನಿಂಗಪ್ಪ ನನ್ನ ಭಿಡೆಗೆ ಬಿದ್ದು ಇಳಿದ. ಅದು ಅವನಿಗೆ ಇದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಲ್ಲಿ ಕೈ ಹಾಕಿದೆ.

ಮೊದಲ ಬುಟ್ಟಿ ಮೇಲೆ ಬಂತು. ಎರಡನೆಯದನ್ನು ಇಳಿಬಿಟ್ಟೆ. ಒಳಗೆ ಕಾಳು ತೋಡುವ ಸರಸರ ಸದ್ದು ಕೇಳುತ್ತಿತ್ತು. ನಿಂತಿತು. ದಣಿವಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ. “ಏ ನಿಂಗಪ್ಪ” ಅಂದೆ. ಬಗ್ಗಿ ನೋಡಿದರೆ ಕತ್ತಲಲ್ಲಿ ಅವನ ತಲೆಗೆ ಸುತ್ತಿದ ಬಿಳಿಯ ಪಟಗ ಮಾತ್ರ ಕಾಣಿಸಿತು, ಜೋಳದ ಮೇಲೆ, ಅಲುಗದೆ.

ಎಷ್ಟೋ ವರ್ಷ ಪಾಠ ಮಾಡುತ್ತ ನಿಂತಾಗ, ಬಸ್ಸಿನಲ್ಲಿ ಕುಳಿತಾಗ, ಆ ಸದ್ದು ನಿಂತದ್ದು ನನಗೆ ಕೇಳಿಸಿದೆ. ಸದ್ದು ಕೇಳಿಸುವುದು ಬೇರೆ. ನಿಂತದ್ದು ಕೇಳಿಸುವುದು — ಅದನ್ನು ಹೇಗೆ ಹೇಳಲಿ.

ಕೂಗಿದೆ. ಮಂದಿ ಬಂದರು. ಚೇರ್ಮನ್ನರೂ ಒದ್ದೆ ಕೈಯಲ್ಲೇ ಓಡಿಬಂದರು. ಯಾರೋ ಕಂಬಳಿಯ ಗಂಟನ್ನು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಏರಿಳಿಸಿ ಗಾಳಿ ಆಡಿಸಿದರು. ನಾನು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಮೂಗು ಬಾಯಿಗೆ ಒದ್ದೆ ಅರಿವೆ ಸುತ್ತಿ, ಉಸಿರು ಹಿಡಿದು ಇಳಿದೆ. ಅವನ ಕಂಕುಳಿಗೆ ಇನ್ನೊಂದು ಹಗ್ಗ ಹಾಕಿದ್ದು ನೆನಪಿದೆ. ಅವನ ಮೈ ಬೆಚ್ಚಗಿತ್ತು. ಆಮೇಲೆ ಬೆಳಕು, ಆಕಾಶ, ಯಾರೋ ಮುಖಕ್ಕೆ ನೀರು ಎರಚಿದ್ದು. ಧೈರ್ಯ ಎಂದರು. ಅದು ಧೈರ್ಯವಾಗಿರಲಿಲ್ಲ. ಅವನು ಸತ್ತರೆ ನಾನು ಕೊಂದವನಾಗುತ್ತೇನೆ ಎಂಬ ಭಯವಾಗಿತ್ತು.

ನಿಂಗಪ್ಪ ಬದುಕಿದ. ಚೇರ್ಮನ್ನರ ಗಾಡಿಯಲ್ಲೇ ಅವನನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ದೆವು. ಕೆಲವು ದಿನಗಳ ನಂತರ ಮಾತಾಡುವಂತಾದ. ಕೈಯಲ್ಲಿ ಒಂದು ನಡುಕ ಉಳಿಯಿತು, ಅದು ಹೋಗಲೇ ಇಲ್ಲ. ಆ ದಿನದ್ದು ಮಾತ್ರ ಅವನಿಗೆ ಏನೂ ನೆನಪಿರಲಿಲ್ಲ. ಎತ್ತಿಗೆ ನೀರು ಕುಡಿಸಿದ್ದೇ ಕೊನೆ.

ಒಂದು ಮಧ್ಯಾಹ್ನ ದವಾಖಾನೆಯಲ್ಲಿ ಗಂಗವ್ವ ಅವನ ಕಾಲ ಬಳಿ ಕುಳಿತಿದ್ದಳು, ಅಪ್ಪನೂ ಇದ್ದ. ನಿಂಗಪ್ಪ ನನ್ನನ್ನು ಕೇಳಿದ:

“ಶಿವೂ, ನಾ ದೀಪಾ ಬಿಟ್ಟ ನೋಡಲಿಲ್ಲೇನೋ?”

“ಇಲ್ಲ.”

“ಯಾಕ? ನಾ ಹಂಗ ಎಂದೂ ಮಾಡಿದಾಂವಲ್ಲ. ಯಾಕ ಇಳದ್ನೋ ನಾ?”

ಅವನು ನಿಜವಾಗಿಯೂ ತಿಳಿಯಲು ಕೇಳಿದ್ದ. ಅವನಿಗೆ ಬೇರೆ ಯಾರೂ ಹೇಳುವಂತಿರಲಿಲ್ಲ. ಆ ಹಿತ್ತಲಲ್ಲಿ ಇದ್ದವರು ಇಬ್ಬರೇ, ಒಬ್ಬ ಮರೆತಿದ್ದ. ನಾನು ಹೇಳಿದೆ:

“ನೀ ಗಡಿಬಿಡಿ ಮಾಡಿದಿ. ನಾ ತಡಿ ತಡಿ ಅನ್ನೂದ್ರಾಗ ಇಳದಬಿಟ್ಟಿ.”

ಇದು ನಾನು ಮಾಡಿದ ಎರಡನೆಯ ಅನ್ಯಾಯ. ಮೊದಲನೆಯದಕ್ಕೆ ಅವಸರವೆಂಬ ಹೆಸರಾದರೂ ಇತ್ತು. ಇದನ್ನು ಸಮಾಧಾನವಾಗಿ ಕುಳಿತು ಮಾಡಿದೆ. ನಿಂಗಪ್ಪ ಕಣ್ಣು ಮುಚ್ಚಿದ. ಗಂಗವ್ವ, “ಅಯ್ಯ ಶಿವನ, ಎಂಥಾ ಬುದ್ಧಿ ಬಂತ್ರಿ ನಿಮಗ ಅವತ್ತು” ಎಂದು ಅವನಿಗೆ ಅಂದು, ತಿರುಗಿ ನನ್ನ ಕಾಲು ಮುಟ್ಟಿದಳು. “ನೀವ ಇದ್ರಿ ಅಂತ ನನ್ನ ಕುಂಕುಮ ಉಳೀತ್ರಿ.” ನಾನು ಕಾಲು ಹಿಂದಕ್ಕೆಳೆದುಕೊಂಡೆ. ಅದನ್ನೂ ವಿನಯ ಎಂದರು.

ನೌಕರಿ ಆಯಿತು. “ಇಂಥಾ ಎದಿಗಾರ ಹುಡುಗ ನಮಗ ಬೇಕು” ಎಂದರಂತೆ ಚೇರ್ಮನ್ನರು. ಜೋಳದ ಚೀಲ ಬೇಕಾಗಲೇ ಇಲ್ಲ.

ಆಮೇಲೆ ಊರಿನವರು ಹಗೇವು ತೆಗೆಯಲು ನಿಂಗಪ್ಪನನ್ನು ಕರೆಯುವುದನ್ನು ಬಿಟ್ಟರು. ಯಾರೂ ಜಗಳಾಡಲಿಲ್ಲ, ಬರೀ ಕರೆಯಲಿಲ್ಲ. ಚಹಾದ ಅಂಗಡಿಯಲ್ಲಿ ಅವನ ಕೈ ನಡುಗಿ ಕಪ್ಪು-ಬಸಿ ಸಪ್ಪಳಾದರೆ ಹರೆಯದವರು, “ಏ ಕಾಕಾ, ಚಹಾ ಸುಡತೈತಿ, ದೀಪಾ ಬಿಟ್ಟ ನೋಡಿ ಕುಡೀರಿ” ಅನ್ನುವರು. ಅವನೂ ನಗುತ್ತಿದ್ದ. ಮನೆಯಲ್ಲಿ ಗಂಗವ್ವನ ಚಾಷ್ಟಿ ನಿಂತು, ಬೈಗುಳ ಶುರುವಾಯಿತು. ಅವಳ ತಪ್ಪಲ್ಲ. ಗಂಡ ಎಲ್ಲಿಗೆ ಹೊರಟರೂ ಅವಳಿಗೆ ಹೆದರಿಕೆ — ಮತ್ತೆ ಎಲ್ಲಿ ದುಡುಕುತ್ತಾನೋ ಎಂದು.

ಅವನ ಮಗಳ ಸಂಬಂಧ ಕೂಡಿಬಂದಾಗ ನಡೆದದ್ದನ್ನೂ ಹೇಳಬೇಕು. ಯರಗುಪ್ಪಿಯ ಮನೆತನ. ನಿಂಗಪ್ಪ, “ಇನ್ನೊಂದ ಸ್ವಲ್ಪ ವಿಚಾರ ಮಾಡೂಣು” ಅಂದನಂತೆ. ಅವನ ತಮ್ಮಂದಿರು, “ನೀ ಸುಮ್ಮನಿರಣ್ಣ, ನಿನ್ನ ವಿಚಾರ ಊರಿಗೇ ಗೊತ್ತೈತಿ. ಮಾಸ್ತರನ್ನ ಕೇಳೂಣು” ಎಂದು ನೌಕರಿಗಾಗಿ ನಾನು ನೆಲೆಸಿದ್ದ ನವಲಗುಂದದ ಮನೆಗೆ ಬಂದರು. ನಿಂಗಪ್ಪ ಅವರ ಹಿಂದೆ ಬಾಗಿಲ ಹತ್ತಿರ ಕುಳಿತ. ನಾನು ಒಳ್ಳೆಯ ಸಂಬಂಧ ಅಂದೆ. ಆಯಿತು. ಹುಡುಗಿ ಸುಖವಾಗಿದ್ದಾಳೆ. ಆದರೂ — ಸ್ವಂತ ಮಗಳ ವಿಷಯದಲ್ಲಿ ಅವನ ಮಾತು ನಡೆಯದೆ ನನ್ನ ಮಾತು ನಡೆಯಿತಲ್ಲ. ಅವನ ಬಳಿ ಇದ್ದದ್ದನ್ನು ನಾನು ತೆಗೆದುಕೊಂಡಿದ್ದೆ. ಅವನಿಗೆ ಅದು ಗೊತ್ತಿರಲಿಲ್ಲ, ಹೊರಡುವಾಗ ನನಗೆ “ಉಪಕಾರ ಆತು” ಎಂದು ಹೇಳಿ ಹೋದ.

ಈಗ ನಾನು ನಿವೃತ್ತ. ಮೊರಬದ ಶಾಲೆಯಲ್ಲಿ ಹೋದ ವರ್ಷ ನನಗೊಂದು ಸನ್ಮಾನ ಇಟ್ಟರು. ಮಾತಾಡಿದವರೊಬ್ಬರು ಹಗೇವಿನ ಕಥೆ ಎತ್ತಿದರು. ಅಷ್ಟಕ್ಕೇ ಬಿಡದೆ, “ಅವರು ಉಳಿಸಿದ ಜೀವಾ ಇಲ್ಲೇ ಐತಿ. ಬರ್ರಿ ನಿಂಗಪ್ಪಜ್ಜ, ಮಾಲಿ ನೀವ ಹಾಕ್ರಿ” ಎಂದು ಕರೆದರು. ಅವನು ಮೆಟ್ಟಿಲು ಹತ್ತಿ ಬಂದ. ನಡುಗುವ ಕೈಯಿಂದ ಮಾಲೆ ನನ್ನ ಕಿವಿಗೆ ಸಿಕ್ಕಿಕೊಂಡಿತು. ಮುಂದೆ ಕುಳಿತವರು ನಕ್ಕರು. ಅವನೂ ನಕ್ಕ, ಮೆಲ್ಲಗೆ ಬಿಡಿಸಿ ಸರಿಮಾಡಿದ.

ಆ ನಗೆ ನನ್ನಿಂದ ತಡೆಯಲಾಗಲಿಲ್ಲ. ಮೈಕು ಹಿಡಿದು ಎಲ್ಲ ಹೇಳಿದೆ. ಅವನು ನಾಳೆ ಎಂದದ್ದು, ಬಸ್ಸಿನಲ್ಲಿ ಒಯ್ಯುತ್ತೇನೆಂದದ್ದು, ಕಡ್ಡಿ ಗೀರಲು ಕುಳಿತದ್ದು, ನಾನು ಆಡಿದ ಮಾತು, ದವಾಖಾನೆಯಲ್ಲಿ ಹೇಳಿದ ಸುಳ್ಳು. ಮುಗಿಸಿ ಮೈಕು ಕೆಳಗಿಟ್ಟೆ.

ಆಮೇಲೆ ಚಪ್ಪಾಳೆ.

“ನೋಡ್ರಿ,” ಎಂದರು ಆ ಮಾತುಗಾರರು, ಕಣ್ಣೊರೆಸಿಕೊಳ್ಳುತ್ತ, “ಗೆಳೆಯಾನ ತಪ್ಪನ್ನೂ ತಮ್ಮ ಮ್ಯಾಲೆ ಹಾಕ್ಕೊಳ್ಳೂ ಮನಸು! ಇಂಥಾ ದೊಡ್ಡ ಗುಣ ಎಲ್ಲಿ ಸಿಗತೈತ್ರಿ?” ನಾನು ಅಲ್ಲ ಅಲ್ಲ ಎಂದಷ್ಟೂ ಚಪ್ಪಾಳೆ ಜೋರಾಯಿತು. ಇಷ್ಟು ವರ್ಷ ಕೂಡಿಟ್ಟ ಹೆಸರು ನನ್ನ ತಪ್ಪೊಪ್ಪಿಗೆಯನ್ನೂ ನುಂಗಿ, ಇನ್ನಷ್ಟು ಬೆಳೆಯಿತು.

ನಿಂಗಪ್ಪ ಸಭೆಯಲ್ಲಿರಲಿಲ್ಲ. ನಾನು ಮಾತಾಡುವ ನಡುವೆಯೇ ಎದ್ದು ಹೋಗಿದ್ದ. ಅವನ ಮನೆಗೆ ಹೋದೆ. ಪಡಸಾಲೆಯಲ್ಲಿ ಕುಳಿತಿದ್ದ. ಗಂಗವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಅವಳಿಗೆ ಆಗಲೇ ಗೊತ್ತಾಗಿತ್ತು.

“ಖರೇನೋ?” ಎಂದ ನಿಂಗಪ್ಪ.

“ಖರೆ.”

“ಮಂದಿ ಅಂದಂಗ, ನನ್ನ ಸಮಾಧಾನಕ್ಕ ಹೇಳಲಿಲ್ಲಲಾ?”

“ಇಲ್ಲೋ. ನೀ ಬ್ಯಾಡ ಅಂದಿದ್ದಿ. ನಾನ ಇಳಿಸಿದೆ.”

ಅವನು ತನ್ನ ಕೈಗಳನ್ನು ನೋಡಿಕೊಂಡ. “ನನಗ ತಲಿ ಕೆಟ್ಟಿತ್ತು ಅನಕೊಂಡಿದ್ದೆ” ಎಂದ. “ಅವತ್ತಿನಿಂದ ಯಾವ ಮಾತಿಗೂ ಧೈರ್ಯ ಆಗ್ತಿದ್ದಿಲ್ಲ ನನಗ. ನನ್ನ ಮ್ಯಾಲೆ ನನಗ ನಂಬಿಗಿ ಇದ್ದಿಲ್ಲ.”

ಗಂಗವ್ವ ಗಂಡನ ಕಡೆ ತಿರುಗಿ, “ನಾ ನಿಮಗ ಎಷ್ಟ ಬೈದೇನ್ರೀ…” ಎಂದಳು. ಒಳಗೆ ಹೋದಳು. ನೀರು ಬೇಕೇ ಎಂದು ಕೂಡ ಕೇಳಲಿಲ್ಲ. ಆ ಮನೆಯಲ್ಲಿ ಅಂಥದು ಅದೇ ಮೊದಲು.

“ಕ್ಷಮಾ ಮಾಡು ಅಂತ ಕೇಳಾಕ ಬಂದೀಯೇನು?” ಎಂದ ನಿಂಗಪ್ಪ.

ನಾನು ಹೌದೆಂದು ತಲೆಯಾಡಿಸಿದೆ.

“ಕೇಳಬ್ಯಾಡ. ನಾ ಮತ್ತ ಭಿಡೇಕ ಬಿದ್ದು ಹೂಂ ಅಂದಗಿಂದೇನು. ಊರಿಗೆ ಹೇಳು. ಅವರು ಚಪ್ಪಾಳಿ ಹೊಡದ್ರಂತಲ್ಲ? ಮತ್ತ ಹೇಳು. ಒಬ್ಬೊಬ್ಬರನ್ನ ಕುಂದರಿಸಿ ಹೇಳು. ಅವರು ನಂಬೂತನಕಾ ಹೇಳು.”

ಅಂದಿನಿಂದ ಸೋಮವಾರಕ್ಕೊಮ್ಮೆ ನವಲಗುಂದದಿಂದ ಬಸ್ಸು ಹತ್ತಿ ಮೊರಬಕ್ಕೆ ಹೋಗುತ್ತೇನೆ. ಚಹಾದ ಅಂಗಡಿಯಲ್ಲಿ, ಅಗಸಿಯ ಕಟ್ಟೆಯಲ್ಲಿ, ಒಬ್ಬೊಬ್ಬರಿಗೆ ಹೇಳುತ್ತೇನೆ. “ಬಿಡ್ರಿ ಸರ್, ನಮಗ ಗೊತ್ತೈತಿ ನಿಮ್ಮ ಸ್ವಭಾವ” ಎಂದು ಚಹಾ ಹೇಳುತ್ತಾರೆ. ಕುಡಿಯುವುದಿಲ್ಲ. ಮತ್ತೆ ಮೊದಲಿನಿಂದ ಹೇಳುತ್ತೇನೆ. ನಾನು ಎದುರು ಕುಳಿತು ಹೇಳಲಾಗದವರಿಗಾಗಿ ಇದನ್ನು ಬರೆದಿದ್ದೇನೆ.

ಹೋದ ವಾರ, ಅಂದು ಕಂಬಳಿ ಗಂಟು ಆಡಿಸಿದವರಲ್ಲಿ ಉಳಿದಿರುವ ಒಬ್ಬ ಮುದುಕನಿಗೆ ಹೇಳಿದೆ. ಅವನು ಕೊನೆಯವರೆಗೂ ಕೇಳಿದ. ಕೇಳಿ, ನನ್ನ ಮುಖವನ್ನೇ ನೋಡುತ್ತ ಕುಳಿತ. ಕೋಲು ಊರಿಕೊಂಡು ಎದ್ದ. ನನ್ನನ್ನು ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದವನು ಅವತ್ತು ಮುಗಿಯಲಿಲ್ಲ. ಬೆನ್ನು ತಿರುಗಿಸಿ ನಡೆದುಬಿಟ್ಟ.

ನೇರ ನಿಂಗಪ್ಪನ ಮನೆಗೆ ಹೋದೆ. “ಒಬ್ಬಾಂವ ನಂಬಿದಾ” ಎಂದೆ.

“ಆತು,” ಎಂದ ಅವನು. “ಇನ್ನ ಉಳದವರಿಗೆ ಹೇಳು.”